ಉಸಿರು ತಿಂದ ಹಿತ್ತಾಳೆ

ಮಣಿಪಾಲದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಮೂವತ್ತು ವರ್ಷ ಸಹಾಯಕಿಯಾಗಿದ್ದೆ. ಪಾಠ ಮಾಡುವವರು ಬೇರೆ, ಗಾಜು ತೊಳೆಯುವವರು ಬೇರೆ, ನಾನು ತೊಳೆಯುವವಳು. ತೊಳೆದು ತೊಳೆದೇ ಯಾವ ಆಸಿಡ್ ಯಾವುದನ್ನು ತಿನ್ನುತ್ತದೆ, ಎಷ್ಟು ಹೊತ್ತಿನಲ್ಲಿ ತಿನ್ನುತ್ತದೆ ಎಂಬುದು ಕೈಗೆ ಗೊತ್ತಾಗಿಬಿಟ್ಟಿತ್ತು. ನಿವೃತ್ತಿಯಾದಾಗ ಮನೆಯವರೆಲ್ಲ ಸೇರಿ ಭಜನೆ, ಯೋಗ, ಸೀರಿಯಲ್ ಎಂದು ಒಬ್ಬೊಬ್ಬರು ಒಂದೊಂದು ದಾರಿ ತೋರಿಸಿದರು. ನಾನು ಪರ್ಕಳದ ನಮ್ಮ ಮನೆಯ ಹಿಂದೆ ಕಟ್ಟಿಗೆ ಇಡುವ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ಒಂದು ಮೇಜು, ಎರಡು ಪ್ಲಾಸ್ಟಿಕ್ ಟಬ್ಬು, ಲ್ಯಾಬಿನಲ್ಲಿ ಇದ್ದಂಥದ್ದೇ ಒಂದು ಟೈಮರ್ ಇಟ್ಟುಕೊಂಡು ತುಕ್ಕು ತೆಗೆಯಲು ಕೂತೆ.

ಮೊದಲು ಬಂದದ್ದು ನೆರೆಮನೆಯ ಬೀಗ. ಆಮೇಲೆ ಹೊಲಿಗೆ ಮೆಷಿನ್ನಿನ ಚಕ್ರ, ಒಂದು ಹಳೆಯ ತಕ್ಕಡಿ, ಯಾರದೋ ಅಜ್ಜನ ಸೈಕಲ್ ಲೈಟು. ಉಪ್ಪುಗಾಳಿಯ ಊರಿನಲ್ಲಿ ತುಕ್ಕಿಗೆ ಬರಗಾಲವಿಲ್ಲ. ಕೆಲಸ ಹೆಚ್ಚಿದಾಗ ನಾನು ಒಂದು ಬಫಿಂಗ್ ಮೆಷಿನ್ ತರಿಸಿದೆ. ಬಟ್ಟೆಯ ದಪ್ಪ ಚಕ್ರವೊಂದು ಗಿರ್ರೆಂದು ತಿರುಗುತ್ತದೆ. ಅದಕ್ಕೆ ಪಾಲಿಶಿನ ಗಟ್ಟಿ ಹಚ್ಚಿ ಲೋಹವನ್ನು ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ನಮ್ಮ ಮುಖ ಅದರಲ್ಲಿ ಕಾಣುತ್ತದೆ. ಆ ಮೆಷಿನ್ನಿನ ಮೇಲೆ ನನಗೆ ಜಂಬವಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಂದವರಿಗೆಲ್ಲ ಒಮ್ಮೆ ತಿರುಗಿಸಿ ತೋರಿಸದೆ ಚಹಾ ಕೊಡುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಕಾಪುವಿನ ಪೊರ್ಬುಗಳೊಬ್ಬರು ಬಂದರು. ಪೊರ್ಬು ಎಂಬುದು ಅವರ ಹೆಸರಲ್ಲ. ತುಳು ಮಾತಾಡುವ ನಾವು ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಎಂಬತ್ತು ದಾಟಿದವರು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಪರ್ಕಳಕ್ಕೆ ಇನ್ನೊಂದು ಬಸ್ಸು ಹತ್ತಿ ಇಳಿದು, ಎದೆಗೆ ಒಂದು ಕಪ್ಪು ಪೆಟ್ಟಿಗೆ ಅವುಚಿಕೊಂಡು ನಮ್ಮ ಗೇಟಿನ ಎದುರು ನಿಂತಿದ್ದರು. ಪೆಟ್ಟಿಗೆಯೊಳಗೆ ಒಂದು ಕಾರ್ನೆಟ್ ಇತ್ತು. ಕಾರ್ನೆಟ್ ಎಂದರೆ ಟ್ರಂಪೆಟಿನ ಗಿಡ್ಡ ತಂಗಿ, ಬ್ಯಾಂಡಿನವರು ಊದುವ ಹಿತ್ತಾಳೆಯ ವಾದ್ಯ. ಅದರ ಮೈಯೆಲ್ಲ ಹಸಿರು ಕಿಲುಬು, ಸ್ವರ ಹೊರಡುವ ಅಗಲ ಬಾಯಿಯ ಅಂಚಿನಲ್ಲಿ ತಗ್ಗು. ಬೆರಳಿನಿಂದ ಒತ್ತುವ ಮೂರು ಪಿಸ್ಟನ್‌ಗಳು ಬೇರು ಬಿಟ್ಟಂತೆ ಕೂತಿದ್ದವು.

"ಇದು ಊದಬೇಕು ಅಕ್ಕ," ಎಂದರು. "ಹೊಳೆಯುವುದೆಲ್ಲ ಆಮೇಲೆ."

ನಲವತ್ತು ವರ್ಷ ಅವರು ಹನ್ನೊಂದು ಜನರ ಬ್ಯಾಂಡ್ ನಡೆಸಿದವರು. ಮದುವೆಗೆ, ಮರಣಕ್ಕೆ, ಇಗರ್ಜಿಯ, ಎಂದರೆ ಚರ್ಚಿನ, ಹಬ್ಬಕ್ಕೆ ಎಲ್ಲದಕ್ಕೂ ಊದಿದವರು. ತಮ್ಮ ಒಬ್ಬಳೇ ಮಗಳ ಮದುವೆಗೆ, ಅವಳು ಗಂಡನ ಜೊತೆ ಹಾಲ್‌ಗೆ ಕಾಲಿಡುವ ಹೊತ್ತಿಗೆ ಊದಲೆಂದು ಒಂದು ಸಣ್ಣ ರಾಗವನ್ನು ತಾವೇ ಕಟ್ಟಿದ್ದರಂತೆ. ಆದರೆ ಮದುಮಗಳ ಅಪ್ಪ ಕೋಟು ತೊಟ್ಟು ಬಾಗಿಲಲ್ಲಿ ನಿಲ್ಲಬೇಕು, ಬ್ಯಾಂಡಿನವರ ಜೊತೆ ಊದುವುದು ಮರ್ಯಾದೆಯಲ್ಲ ಎಂದು ಬೀಗರ ಕಡೆಯವರು ಹಠ ಹಿಡಿದರು. ಬೇರೆ ಬ್ಯಾಂಡ್ ಬಂತು.

"ಅವರು ಅರ್ಧ ಸ್ವರ ಕೆಳಗೆ ಊದಿದರು," ಎಂದರು ಪೊರ್ಬುಗಳು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ಇನ್ನೂ ಮುಖ ಹುಳಿ ಮಾಡಿಕೊಂಡೇ ಹೇಳಿದರು. "ನನಗೆ ಅವತ್ತು ಊಟ ಸೇರಲಿಲ್ಲ."

"ಮಗಳಿಗೆ ಆ ರಾಗ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ? ಮನೆಯ ಜಗಲಿಯಲ್ಲಿ ಕೂತು ಎಷ್ಟು ಸಲ ಊದಿದ್ದೇನೆ. ಮೊಮ್ಮಗಳು ಅದನ್ನು ಕೇಳಿಯೇ ದೊಡ್ಡವಳಾದದ್ದು. ಆದರೆ ಅದು ಮಗಳಿಗೆಂದೇ ಮಾಡಿದ್ದು, ಅವತ್ತು ಊದಲಿಲ್ಲ ಎಂಬ ವಿಷಯ ನಾನೂ ಅವಳೂ ಇದುವರೆಗೆ ಮಾತಾಡಿಲ್ಲ."

ಹಲ್ಲು ಹೋದ ಮೇಲೆ ಕಾರ್ನೆಟ್ ಪೆಟ್ಟಿಗೆ ಸೇರಿತ್ತು. ಈಗ ಮೊಮ್ಮಗಳ ಮದುವೆ, ಐದು ವಾರ ಉಂಟು, ಮಣಿಪಾಲದ ದೊಡ್ಡ ಹಾಲ್‌ನಲ್ಲಿ. ತಾನು ಒಳಗೆ ಬರುವಾಗ ಆಬ್, ಎಂದರೆ ಅಜ್ಜ, ಆ ರಾಗ ಊದಬೇಕು ಎಂದು ಅವಳು ಕೇಳಿದ್ದಾಳೆ. ಅದಕ್ಕಾಗಿ ಬಿಗಿಯಾದ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದಾರೆ. ಹಲ್ಲು ತಯಾರು, ವಾದ್ಯ ಮಾತ್ರ ಇಲ್ಲ.

ಅವರು ಹೋದ ಮೇಲೆ ಬಿಚ್ಚಲು ಕೂತೆ. ಪಿಸ್ಟನ್ ಒಂದೂ ಅಲುಗಲಿಲ್ಲ. ಇಂಥಲ್ಲಿ ಬಲ ಹಾಕುವುದೆಂದರೆ ಮೂರ್ಖತನ. ಹಿತ್ತಾಳೆ ತೆಳು, ಒಮ್ಮೆ ತಿರುಚಿದರೆ ಮತ್ತೆ ಸರಿಯಾಗದು. ದಿನಾ ಬೆಳಿಗ್ಗೆ ಮೂರು ಹನಿ ಸೀಮೆಎಣ್ಣೆ ಬಿಟ್ಟು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಸುಮ್ಮನೆ ಬಿಡುವುದು. ಒಂಬತ್ತನೆಯ ದಿನ ನಡುವಿನ ಪಿಸ್ಟನ್ ಒಂದು ಸಣ್ಣ ನಿಟ್ಟುಸಿರು ಬಿಟ್ಟು ಮೇಲೆ ಬಂತು. ಪೊರ್ಬುಗಳಿಗೆ ಫೋನ್ ಮಾಡಿದೆ.

"ಇದಕ್ಕೆ ಮೊದಲು ಎಂತ ಹಾಕುತ್ತಿದ್ದಿರಿ ಪೊರ್ಬುಗಳೇ, ಜಾರುವುದಕ್ಕೆ?"

"ಉಗುಳು."

"ನಲವತ್ತು ವರ್ಷ?"

"ಒಳ್ಳೆಯ ಉಗುಳು ಅಕ್ಕ," ಎಂದರು, ಒಂದು ಚೂರೂ ನಗದೆ.

ಮೂರೂ ಹೊರಗೆ ಬಂದ ಮೇಲೆ ತೊಳೆದು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿಯೊಂದರ ಹೊಟ್ಟೆಯಲ್ಲಿ ಓರೆಯಾದ ರಂಧ್ರಗಳು, ಒಂದನ್ನೊಂದು ಬಳಸಿಕೊಂಡು ಹಾದುಹೋಗುತ್ತಿದ್ದರೂ ಎಲ್ಲಿಯೂ ತಾಗಿಕೊಂಡಿಲ್ಲ. ಒತ್ತಿದರೆ ಉಸಿರು ಉದ್ದದ ಕೊಳವೆಗೆ ತಿರುಗುತ್ತದೆ, ಬಿಟ್ಟರೆ ನೇರ ಹೋಗುತ್ತದೆ. ಒಂದನೆಯ ಪಿಸ್ಟನ್ ಎರಡನೆಯ ಗೂಡಿಗೆ ಇಳಿಯುವುದಿಲ್ಲ; ನೋಡಲು ಒಂದೇ ಅಳತೆ, ಆದರೆ ಅದರದರ ಗೂಡಿಗೆ ಅದನ್ನೇ ಉಜ್ಜಿ ಕೂರಿಸಿದ್ದಾರೆ. ನಡುವೆ ಕೂದಲು ಹೋಗುವಷ್ಟೂ ಜಾಗವಿಲ್ಲ. ಲ್ಯಾಬಿನಲ್ಲಿ ಎಷ್ಟೋ ಸೂಕ್ಷ್ಮದ ಉಪಕರಣ ಮುಟ್ಟಿದವಳು ನಾನು. ಇಗರ್ಜಿಯ ಅಂಗಳದ ಬಿಸಿಲಲ್ಲಿ ಊದುವ ವಾದ್ಯದ ಹೊಟ್ಟೆಯಲ್ಲಿ ಇಂಥದ್ದು ಇರುತ್ತದೆ ಎಂದು ಕನಸಿನಲ್ಲೂ ನೆನೆಸಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ಮರೆತು ನೋಡುತ್ತ ಕೂತೆ, ಹಾಲು ಉಕ್ಕಿ ಹೋಯಿತು.

ಕಿಲುಬಿಗೆ ನಮ್ಮ ಹಿತ್ತಿಲ ಬಿಂಬುಳಿ ಸಾಕು. ಆ ಹುಳಿಕಾಯಿಯನ್ನು ಜಜ್ಜಿ, ರಸ ಸೋಸಿ, ಎರಡು ಪಾಲು ನೀರು ಸೇರಿಸಿ, ಬಿಡಿಭಾಗಗಳನ್ನು ನಾಲ್ಕೇ ನಿಮಿಷ ಮುಳುಗಿಸಬೇಕು. ಹೊತ್ತು ಮೀರಿದರೆ ಹಿತ್ತಾಳೆಯ ಹಳದಿ ಹೋಗಿ ಗುಲಾಬಿ ಬಣ್ಣ ತಿರುಗುತ್ತದೆ. ಹಸಿರು ಮೋಡದ ಹಾಗೆ ಬಿಟ್ಟುಕೊಂಡು ಕೆಳಗಿನಿಂದ ಚಿನ್ನದ ಬಣ್ಣ ಎದ್ದು ಬರುವುದನ್ನು ನಾನು ನೂರು ಸಲವಾದರೂ ನೋಡಿದ್ದೇನೆ, ಆದರೂ ಪ್ರತಿ ಸಲ ಟಬ್ಬಿನ ಮೇಲೆ ಬಗ್ಗಿಕೊಂಡೇ ನಿಲ್ಲುತ್ತೇನೆ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಾಯಿ ಇಟ್ಟು ಊದುವ ಕಡೆಯ ಕೊಳವೆಯ ಮೇಲೆ ಮಾತ್ರ ಸಾಸಿವೆಯಷ್ಟು ದೊಡ್ಡ ಕೆಂಪು ಚುಕ್ಕೆಗಳು ಉಳಿದಿದ್ದವು. ಬಿಂಬುಳಿಗೆ ಅವು ಜಗ್ಗಲಿಲ್ಲ. ಹೊಳೆಯುವುದೆಲ್ಲ ಆಮೇಲೆ ಎಂದು ಪೊರ್ಬುಗಳು ಹೇಳಿದ್ದರು, ನಿಜ. ಆದರೆ ಜಂಬದ ಮೆಷಿನ್ ಪಕ್ಕದಲ್ಲೇ ಇತ್ತಲ್ಲ. ಕೊಳವೆಯನ್ನು ಚಕ್ರಕ್ಕೆ ಒತ್ತಿದೆ. ಚುಕ್ಕೆಗಳು ಹೋದವು. ಒಂದು ಚುಕ್ಕೆ ಇದ್ದ ಜಾಗದಲ್ಲಿ ತೂತು ಬಿದ್ದಿತ್ತು.

ಮೆಷಿನ್ ನಿಲ್ಲಿಸಿದೆ. ಆಮೇಲೆ ಟಾರ್ಚಿನ ಬೆಳಕನ್ನು ಕೊಳವೆಯೊಳಗೆ ಬಿಟ್ಟು ನೋಡಿದಾಗ ತಿಳಿಯಿತು. ಆ ಕೆಂಪು ಮೇಲೆ ಹತ್ತಿದ ಕಲೆಯಲ್ಲ, ಒಳಗಿನಿಂದ ಬಂದ ಹುಳುಕು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಬಾಯಿಂದ ಹೋಗುವ ತೇವ ವರ್ಷಗಟ್ಟಲೆ ಸತುವನ್ನು ತಿಂದು ತಿಂದು ತಾಮ್ರದ ಸೊರಗಿದ ಪುಡಿಯನ್ನು ಮಾತ್ರ ಬಿಟ್ಟಿತ್ತು. ಮನುಷ್ಯನ ಉಸಿರು ಲೋಹವನ್ನು ತಿನ್ನುತ್ತದೆ! ಪಾಠದಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಎಷ್ಟು ಮದುವೆ, ಎಷ್ಟು ಮರಣ, ಎಷ್ಟು ಬೇಸಗೆಯ ಮೆರವಣಿಗೆ ಆ ಕೊಳವೆಯಲ್ಲಿ ಹಾದುಹೋಗಿ ಅದನ್ನು ಕಾಗದದಷ್ಟು ತೆಳ್ಳಗೆ ಮಾಡಿರಬೇಕು. ಬೆರಗಾಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಅಷ್ಟು ವರ್ಷ ತಾಳಿಕೊಂಡದ್ದನ್ನು ನಾನು ಅರ್ಧ ನಿಮಿಷದಲ್ಲಿ ತೂತು ಮಾಡಿದ್ದೆ.

ಮರುದಿನವೇ ಕಾರ್ಕಳದ ಬಸ್ಸು ಹತ್ತಿದೆ. ಅಲ್ಲಿ ಕಂಚು ಹಿತ್ತಾಳೆಯ ಕೆಲಸದ ಆಚಾರಿಯೊಬ್ಬರು ಇದ್ದಾರೆ, ನನ್ನ ವಯಸ್ಸಿನವರೇ. ಗಂಟೆ, ದೀಪ, ಪಾತ್ರೆ ಯಾವುದು ಬಿರುಕು ಬಿಟ್ಟರೂ ಸುತ್ತಿನವರು ಅವರಲ್ಲಿಗೇ ಒಯ್ಯುವುದು. ಕಾರ್ನೆಟನ್ನು ಅವರು ಮೊದಲು ನೋಡಲಿಲ್ಲ, ಕೇಳಿದರು: ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಉದ್ದಕ್ಕೂ ತಟ್ಟುತ್ತ ಹೋದರು. ತೂತಿನ ಹತ್ತಿರ ಬಂದಾಗ ಕೈ ನಿಂತಿತು.

"ಮೆಷಿನ್ನಿಗೆ ಕೊಟ್ಟಿರಾ ಅಕ್ಕ?"

"ಕೊಟ್ಟೆ ಆಚಾರ್ರೆ."

"ಅದಕ್ಕೆ ಕಿವಿ ಇಲ್ಲ ಅಲ್ವಾ," ಎಂದರು ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಹಳೆಯ ಹಿತ್ತಾಳೆಯ ತೆಳು ತಗಡಿನಿಂದ ಬೆರಳಿನುಗುರಿನಷ್ಟು ಒಂದು ತುಂಡು ಕತ್ತರಿಸಿದರು. ಅದರ ಅಂಚನ್ನು ಅರದಿಂದ ಎಷ್ಟು ತೀಡಿದರೆಂದರೆ, ನಡುವೆ ದಪ್ಪವಿದ್ದ ತಗಡು ಅಂಚಿನಲ್ಲಿ ಇದೆಯೋ ಇಲ್ಲವೋ ಎನ್ನುವಂತಾಯಿತು. ಕೊಳವೆಯೊಳಗೆ ಸರಳು ತೂರಿಸಿ, ತುಂಡನ್ನು ಮೇಲೆ ಬಾಗಿಸಿ ಕೂರಿಸಿ, ಸಣ್ಣ ತಂತಿಯಿಂದ ಬಿಗಿದು, ತವರದ ಬೆಸುಗೆಗೆ ಸಾಕಾಗುವಷ್ಟೇ ಉರಿ ತೋರಿಸಿದರು. ತವರ ಒಮ್ಮೆ ಮಿಂಚಿ ಸಂದಿನೊಳಗೆ ತಾನಾಗಿ ಓಡಿ ಸುತ್ತು ಹಾಕಿ ಬಂತು. ಉರಿ ತೆಗೆದದ್ದು ಯಾವಾಗ ಎಂದೇ ನನಗೆ ಕಾಣಲಿಲ್ಲ. ನಾನು ಟೈಮರ್ ಇಟ್ಟು ಮಾಡುವ ಕೆಲಸವನ್ನು ಅವರು ಬಣ್ಣ ನೋಡಿ ಮಾಡುತ್ತಿದ್ದರು.

ಅಗಲ ಬಾಯಿಯ ತಗ್ಗಿಗೆ ಸುತ್ತಿಗೆ ಮುಟ್ಟಿಸಲಿಲ್ಲ. ಲಾರಿಯ ಬೇರಿಂಗಿನಿಂದ ತೆಗೆದ ಉಕ್ಕಿನ ಗುಂಡನ್ನು ಒಂದು ಬಾಗಿದ ಸರಳಿನ ತುದಿಗೆ ಕೂರಿಸಿದ್ದಾರೆ. ಅದನ್ನು ಒಳಗಿನಿಂದ ಒತ್ತಿ, ಹೊರಗಿನಿಂದ ಹೆಬ್ಬೆರಳಿನಲ್ಲಿ ಸವರುತ್ತ ಸವರುತ್ತ ತಗ್ಗನ್ನು ಅಂಚಿನವರೆಗೆ ನಡೆಸಿಕೊಂಡು ಹೋಗಿ ಹೊರಗೆ ಬಿಟ್ಟರು. ಹಿಟ್ಟು ನಾದುವವರ ಕೈ ಬಿಟ್ಟರೆ ಅಂಥ ಕೈಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅವರೆದುರು ಮಣೆಯ ಮೇಲೆ ಕೂತಿದ್ದ ನನಗೆ, ಮೂವತ್ತು ವರ್ಷದ ಲ್ಯಾಬಿನ ಅಹಂಕಾರ ಒಂದೇ ಬೆಳಿಗ್ಗೆಯಲ್ಲಿ ಇಳಿದದ್ದು ಗೊತ್ತಾಯಿತು.

"ಇನ್ನು ಇದನ್ನು ಹೊಳೆಯಿಸಬೇಡಿ, ಒರೆಸಿ," ಎಂದು ಹಳೆಯ ಹತ್ತಿಸೀರೆಯ ಉದ್ದ ಪಟ್ಟಿಯೊಂದನ್ನು ಕೊಟ್ಟರು. ಬಟ್ಟೆಯಲ್ಲಿ ಗಾಳಿಸಿದ ಚಾಕ್‌ಪೀಸಿನ ಪುಡಿಯನ್ನು ನೀರಲ್ಲಿ ಕಲಸಿ ಪಟ್ಟಿಗೆ ಹಚ್ಚಬೇಕು, ಪಟ್ಟಿಯನ್ನು ಕೊಳವೆಗೆ ಒಂದು ಸುತ್ತು ಹಾಕಿ ಎರಡೂ ತುದಿ ಹಿಡಿದು ಅತ್ತ ಇತ್ತ ಎಳೆಯಬೇಕು. ನಾಲ್ಕು ದಿನ ಎಳೆದೆ. ಮುಖ ಕಾಣುವಂಥ ಹೊಳಪು ಬರಲಿಲ್ಲ. ಬಂದ ಬಣ್ಣ ಸಂಜೆಯ ಬಿಸಿಲಿನಷ್ಟು ಮೆತ್ತಗಿತ್ತು, ಅದನ್ನು ಬಿಟ್ಟು ಏಳಲು ಮನಸ್ಸಾಗಲಿಲ್ಲ. ಕೊನೆಗೆ ಉಪ್ಪುಗಾಳಿ ತಾಗದಂತೆ ಮೇಣದ ತೆಳುಕೋಟು ಕೊಟ್ಟು ಜೋಡಿಸಿದೆ.

ಕಾಪುವಿಗೆ ನಾನೇ ಒಯ್ದೆ, ತೂತಿನ ಕಥೆ ಫೋನಿನಲ್ಲಿ ಹೇಳುವಂಥದ್ದಲ್ಲ. ಅವರ ಜಗಲಿಯಲ್ಲಿ ಕೂತು, ತೇಪೆಯನ್ನು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಪೊರ್ಬುಗಳು ತೇಪೆಯ ಮೇಲೆ ಹೆಬ್ಬೆರಳು ಆಡಿಸಿದರು.

"ತೂತು ಮಾಡಿದ್ದು ನಾನು ಅಕ್ಕ. ನೀವು ತೋರಿಸಿದ್ದು ಮಾತ್ರ," ಎಂದರು.

ಆಮೇಲೆ ಊದಿದರು. ಮೊದಲು ಬರೀ ಗಾಳಿ, ಮತ್ತೆ ಒಂದು ಎಮ್ಮೆಕರು ಕೂಗಿದಂತೆ. ಹತ್ತು ನಿಮಿಷ ಕಳೆದ ಮೇಲೆ ಆ ರಾಗದ ಮೊದಲ ಸಾಲು. ಅಷ್ಟಕ್ಕೇ ದಮ್ಮು ಮುಗಿಯಿತು. ದಿನಕ್ಕೆ ಅರ್ಧ ಸಾಲು ಹೆಚ್ಚಿಸುತ್ತೇನೆ ಎಂದರು. ಪಿಸ್ಟನ್ನಿಗೆ ಹಾಕಲು ಒಂದು ತೆಳು ಮೆಷಿನ್ ಎಣ್ಣೆಯ ಸಣ್ಣ ಬಾಟಲಿ ಕೊಟ್ಟು, ಇನ್ನು ಉಗುಳು ಬೇಡ ಎಂದು ಎಚ್ಚರಿಸಿ ಬಂದೆ.

ಮದುವೆಯ ದಿನ ಚರ್ಚಿನ ವಿಧಿ ಮುಗಿದು ಎಲ್ಲರೂ ಮಣಿಪಾಲದ ಹಾಲ್‌ಗೆ ಬಂದೆವು. ಒಳಗೆ ಎಂಥ ಎಸಿ ಎಂದರೆ ನಾನು ಸೆರಗನ್ನು ಎರಡು ಸುತ್ತು ಹೊದ್ದುಕೊಂಡೆ. ಪೊರ್ಬುಗಳು ಕಪ್ಪು ಕೋಟಿನಲ್ಲಿ ವೇದಿಕೆಯ ಪಕ್ಕ ಕೂತಿದ್ದರು; ಕಾರ್ನೆಟ್ ತೆರೆದ ಪೆಟ್ಟಿಗೆಯಲ್ಲಿ, ಎಸಿಯ ಬಾಯಿಯ ಕೆಳಗೇ, ಒಂದು ಗಂಟೆಯಿಂದ ಕಾದಿತ್ತು. ಅವರ ಮಗಳು, ಮದುಮಗಳ ಅಮ್ಮ, ಕೇಕಿನ ಮೇಜಿನ ಹತ್ತಿರ ನಿಂತು ಬಂದವರನ್ನು ಮಾತಾಡಿಸುತ್ತಿದ್ದಳು. ಮದುಮಕ್ಕಳು ಬಾಗಿಲಿಗೆ ಬಂದರು ಎಂದು ಮೈಕಿನವನು ಸಾರಿದ. ಆಗ ಪೊರ್ಬುಗಳು ಕಾರ್ನೆಟ್ ಎತ್ತಿ ಪಿಸ್ಟನ್ ಒತ್ತಿ ನೋಡಿದರು. ಅವರ ಕಣ್ಣು ಜನರ ನಡುವೆ ನನ್ನನ್ನು ಹುಡುಕತೊಡಗಿತು.

ಓಡಿದೆ. ಮೂರೂ ಪಿಸ್ಟನ್ ಕಚ್ಚಿಕೊಂಡಿದ್ದವು. ಮೂಗಿನ ಹತ್ತಿರ ಹಿಡಿದೆ.

"ಎಂತ ಹಾಕಿದಿರಿ ಪೊರ್ಬುಗಳೇ ಇದಕ್ಕೆ?"

"ರೋಸಿನ ಎಣ್ಣೆ," ಎಂದರು ಸಣ್ಣ ಸ್ವರದಲ್ಲಿ. "ನಿಮ್ಮದಕ್ಕೆ ಸೀಮೆಎಣ್ಣೆಯ ವಾಸನೆ. ಶುಭದ ದಿನ ಅಲ್ವಾ ಎಂದು."

ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು, ತೆಂಗಿನೆಣ್ಣೆ ಹಚ್ಚಿ ಹರಸುವ ಶಾಸ್ತ್ರ. ಅದರಲ್ಲಿ ಉಳಿದ ಎಣ್ಣೆಯನ್ನು ಇವರು ಕಾರ್ನೆಟಿಗೂ ಹಚ್ಚಿ ಹರಸಿದ್ದರು! ಕಾಪುವಿನ ಸೆಕೆಯಲ್ಲಿ ಅದು ಎಣ್ಣೆಯಾಗಿಯೇ ಇರುತ್ತಿತ್ತು. ಈ ಚಳಿಯಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ನನ್ನ ಬಾಯಿಗೆ ಬಂದ ಬೈಗುಳ ಸಣ್ಣದಲ್ಲ. ಆದರೆ ಬಾಗಿಲು ತೆರೆದಾಗಿತ್ತು, ಹಾಲ್ ಪೂರ್ತಿ ಎದ್ದು ನಿಂತಾಗಿತ್ತು.

ಪೊರ್ಬುಗಳು ಕಾರ್ನೆಟನ್ನು ತುಟಿಗಿಟ್ಟರು. ಪಿಸ್ಟನ್ ಇಲ್ಲದೆ ಆ ವಾದ್ಯದಲ್ಲಿ ಹುಟ್ಟುವುದು ನಾಲ್ಕೈದು ಸ್ವರ ಮಾತ್ರ. ಅವೂ ಬೆರಳಿನಿಂದಲ್ಲ, ತುಟಿಯ ಬಿಗಿಯಿಂದ. ಆ ನಾಲ್ಕೈದರಲ್ಲೇ ಅವರು ಊದಿದರು. ಉದ್ದುದ್ದ ಸ್ವರ, ದೂರದಿಂದ ಯಾರನ್ನೋ ಕರೆಯುವಂತೆ. ಕರೆಯುತ್ತಲೇ ಮೂರು ಬೆರಳುಗಳು ಪಿಸ್ಟನ್‌ಗಳನ್ನು ಮೆಲ್ಲಗೆ ಅದುಮುತ್ತಿದ್ದವು. ಜನರು ಇದೇ ರಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಮದುಮಗಳು ಮಾತ್ರ ಬಾಗಿಲಲ್ಲಿಯೇ ನಿಂತಳು. ಮದುಮಗ ಏನೋ ಕೇಳಿದ, ತಲೆ ಅಲ್ಲಾಡಿಸಿದಳು. ಅದಲ್ಲ ಎಂದು ಅವಳಿಗೆ ಗೊತ್ತಿತ್ತು.

ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅವರು ಬಿಗಿಹಿಡಿಯಲಿಲ್ಲ, ಬಿಸಿ ಉಸಿರನ್ನು ಒಂದೇ ಸಮ ಒಳಗೆ ಕಳಿಸುತ್ತ ಹೋದರು. ನಡುವಿನ ಪಿಸ್ಟನ್ ಒಂದು ನೂಲಿನಷ್ಟು ಕೆಳಗಿಳಿದದ್ದು ಕಂಡಿತು. ಮತ್ತೊಂದು ಉಸಿರಿಗೆ ಪೂರಾ ಇಳಿದು ಮೇಲೆದ್ದಿತು. ಕರೆಯೊಳಗೆ ಹೊಸದೊಂದು ಸ್ವರ ಬಂತು. ನಂತರ ಒಂದನೆಯದು ಬಿಟ್ಟಿತು, ಆಮೇಲೆ ಮೂರನೆಯದು. ನಿಲ್ಲಿಸದೆ, ಒಂದು ಕಡೆಯೂ ತಡವರಿಸದೆ, ಆ ಕರೆಯೊಳಗಿಂದಲೇ ರಾಗ ಬಿಚ್ಚಿಕೊಂಡಿತು. ನನ್ನ ಆಯುಷ್ಯದಲ್ಲಿ ಲೋಹ ಕರಗುವುದು, ಬಣ್ಣ ತಿರುಗುವುದು, ಆಸಿಡ್ ಕುದಿಯುವುದು ಎಷ್ಟೋ ನೋಡಿದ್ದೇನೆ. ಇದರ ಮುಂದೆ ಅದೆಲ್ಲ ಏನೂ ಅಲ್ಲ.

ಮದುಮಗಳು ಆಗಲೂ ಒಳಗೆ ಬರಲಿಲ್ಲ. ಆ ರಾಗ ಮೊದಲು ಯಾರಿಗಾಗಿ ಕಟ್ಟಿದ್ದೆಂದು ಅವಳಿಗೆ ಗೊತ್ತಿದ್ದಿರಬೇಕು, ಕೇಕಿನ ಮೇಜಿನತ್ತ ನೋಡಿ ಕೈ ಚಾಚಿದಳು. ಅವಳ ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಯಾರಿಗೋ ಕೊಟ್ಟು, ಅಷ್ಟು ಜನರ ನಡುವೆ ನಡೆದು ಬಾಗಿಲು ದಾಟಿ ಹೊರಗೆ ಹೋದಳು. ಮದುಮಗ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ. ರಾಗ ಎರಡನೆಯ ಸಾಲಿಗೆ ಬಂದಿತ್ತು. ಪೊರ್ಬುಗಳು ಕಣ್ಣು ಮುಚ್ಚಿಕೊಂಡು, ಕೆನ್ನೆ ನಡುಗಿಸುತ್ತ, ಇದ್ದಬದ್ದ ದಮ್ಮನ್ನೆಲ್ಲ ಸೇರಿಸಿ ಊದುತ್ತಿದ್ದರು.

ನಾನು ಅವರ ಕಿವಿಯ ಹತ್ತಿರ ಬಾಗಿದೆ.

"ಕಣ್ಣು ಬಿಡಿ ಪೊರ್ಬುಗಳೇ," ಎಂದೆ. "ನಿಮ್ಮ ಮಗಳು ಒಳಗೆ ಬರುತ್ತಿದ್ದಾಳೆ."